ನಗು ಯಾಕೆ ಬರುತ್ತದೆ? ಹಾಸ್ಯದ ಬಗೆಗಳ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ಗಣೇಶನ ಹಬ್ಬದ ಒಂದು ಸಂಜೆ ಹಾಸ್ಯಕ್ಕೆ ಮೀಸಲು. ಹದಿನಾರು ವರ್ಷಗಳಿಂದ ಆ ಸಂಜೆಯ ಕೆಲಸ ನನ್ನದು. ಕಲಾವಿದರನ್ನು ಕರೆಸುವುದು, ಕುರ್ಚಿ ಹಾಕಿಸುವುದು, ಮೈಕ್ ನೋಡಿಕೊಳ್ಳುವುದು ಎಲ್ಲ ಸೇರಿ. ವೇದಿಕೆಯ ಪಕ್ಕದಲ್ಲಿ ನಿಂತವರಿಗೆ ಮಾತಾಡುವವರ ಬೆನ್ನು ಕಾಣುತ್ತದೆ, ನಗುವವರ ಮುಖ ಕಾಣುತ್ತದೆ. ಆ ಮುಖಗಳನ್ನು ನೋಡುತ್ತ ನೋಡುತ್ತ ಕುತೂಹಲ ಬೆಳೆಯಿತು, ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಕಾರ್ಯಕ್ರಮ ಮುಗಿದ ಮೇಲೆ ಜನ ಬಂದು ಕೇಳುವ ಪ್ರಶ್ನೆಗಳಿಗೆ ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಒಂದು ಮಾತು ನಗು ತರಿಸುವುದು ಯಾಕೆ?

ನಮ್ಮ ಅಜ್ಜ ಹೇಳುತ್ತಿದ್ದ ಒಂದು ಮಾತಿನಿಂದಲೇ ಶುರು ಮಾಡುತ್ತೇನೆ. ಸಾಗರದ ಕಡೆ ನಮ್ಮ ಊರು, ಮನೆಯ ಹಿಂದೆಯೇ ಕಾಡು. ಮನೆಯಲ್ಲಿ ಮಗುವಿಗೆ ಸ್ನಾನ ಆದ ಮೇಲೆ ಅಜ್ಜಿ ಒಳಗಿನಿಂದ ಕೂಗುತ್ತಿದ್ದರು, "ಕಾಡಿಗೆ ಹಚ್ರೇ!" ಜಗಲಿಯಿಂದ ಅಜ್ಜ ಹೇಳುತ್ತಿದ್ದರು, "ಕಾಡಿಗೆ ಹಚ್ಚಿದ್ರೆ ಫಾರೆಸ್ಟಿನವರು ಸುಮ್ನೆ ಬಿಡ್ತಾರಾ?"

ಇಲ್ಲಿ ಏನಾಯಿತು ನೋಡಿ. "ಕಾಡಿಗೆ" ಅಂದರೆ ಕಣ್ಣಿಗೆ ಹಚ್ಚುವ ಕಪ್ಪು. ಕಾಡು ಎಂಬ ಪದಕ್ಕೆ "ಗೆ" ಸೇರಿದರೂ ಅದೇ ರೂಪ. "ಹಚ್ಚು" ಅಂದರೆ ಬಳಿಯುವುದೂ ಹೌದು, ದೀಪ ಹಚ್ಚಿದ ಹಾಗೆ ಬೆಂಕಿ ಹಚ್ಚುವುದೂ ಹೌದು. ಮಗುವಿನ ಕಣ್ಣಿನ ಕಡೆ ಹೋಗುತ್ತಿದ್ದ ಮನಸ್ಸು ತಟ್ಟನೆ ಕಾಡಿನ ಕಡೆ ತಿರುಗುತ್ತದೆ. ಎರಡು ಅರ್ಥಗಳೂ ಒಂದೇ ಕ್ಷಣದಲ್ಲಿ ಕಣ್ಣ ಮುಂದೆ ನಿಲ್ಲುತ್ತವೆ. ಒಂದಕ್ಕೊಂದು ಹೊಂದುವುದೇ ಇಲ್ಲ, ಆದರೆ ಮಾತು ಮಾತ್ರ ಎರಡಕ್ಕೂ ಸರಿ.

ಜರ್ಮನಿಯ ತತ್ವಜ್ಞಾನಿ ಕಾಂಟ್ 1790ರಲ್ಲಿ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ. ಬಿಗಿಯಾಗಿ ಕಾಯುತ್ತಿದ್ದ ನಿರೀಕ್ಷೆ ತಟ್ಟನೆ ಏನೂ ಇಲ್ಲವಾದಾಗ ನಗು ಬರುತ್ತದೆ ಅಂತ. ಅವರಿಗಿಂತ ಮೊದಲು ಇಂಗ್ಲೆಂಡಿನ ಹಾಬ್ಸ್ ಬೇರೆ ಮಾತು ಹೇಳಿದ್ದರು: ಇನ್ನೊಬ್ಬರ ಕೊರತೆ ಕಂಡಾಗ ನಾನೇ ಮೇಲು ಅನ್ನಿಸುತ್ತದಲ್ಲ, ಆ ಹಿಗ್ಗೇ ನಗು. ಮೂರನೆಯದು ಮನಶ್ಶಾಸ್ತ್ರಜ್ಞ ಫ್ರಾಯ್ಡ್ 1905ರಲ್ಲಿ ಬರೆದದ್ದು. ಒಳಗೆ ಅದುಮಿಟ್ಟ ಒತ್ತಡಕ್ಕೆ ಜೋಕು ಒಂದು ದಾರಿ ಮಾಡಿಕೊಡುತ್ತದೆ ಎನ್ನುತ್ತದೆ ಅದು. 2010ರಲ್ಲಿ ಅಮೆರಿಕದ ಮೆಗ್ರಾ ಮತ್ತು ವಾರನ್ ಎಂಬ ಸಂಶೋಧಕರು ಇನ್ನೊಂದು ವಿವರಣೆ ಕೊಟ್ಟರು. ಯಾವುದೋ ಒಂದು ರೂಢಿ ಮುರಿಯಬೇಕು, ಆದರೆ ಅದರಿಂದ ಯಾರಿಗೂ ಅಪಾಯ ಇಲ್ಲ ಅನ್ನಿಸಬೇಕು. ಎರಡೂ ಒಟ್ಟಿಗೆ ಬಂದಾಗ ನಗು.

ಇವುಗಳಲ್ಲಿ ಯಾವುದೂ ಪೂರ್ತಿ ತಪ್ಪಲ್ಲ ಅಂತ ನನಗನಿಸುತ್ತದೆ. ಆದರೆ ನನಗೆ ಮುಖ್ಯ ಅನಿಸಿದ್ದು ಇನ್ನೊಂದಿದೆ. ಅಜ್ಜನ ಮಾತಿಗೆ ನಾವು ನಕ್ಕದ್ದು ಯಾಕೆಂದರೆ ಕಾಡಿಗೆಯೂ ಗೊತ್ತು, ಕಾಡೂ ಗೊತ್ತು, ಫಾರೆಸ್ಟಿನವರ ಭಯವೂ ಗೊತ್ತು. ಹೇಳುವವರು, ಕೇಳುವವರು ಇಬ್ಬರೂ ಒಂದೇ ಲೋಕದವರಾಗಿರಬೇಕು. ಅದು ಇಲ್ಲದಿದ್ದರೆ ಎಂಥ ಜಾಣ ಮಾತೂ ನಗು ತರಿಸುವುದಿಲ್ಲ.

ನಮ್ಮ ದೇಶದಲ್ಲಿ ಇದರ ಬಗ್ಗೆ ಹಿಂದಿನವರು ಯೋಚಿಸಿದ್ದರಾ?

ತುಂಬಾ. ಭರತನ ನಾಟ್ಯಶಾಸ್ತ್ರದಲ್ಲಿ ಹಾಸ್ಯ ಎಂಟು ರಸಗಳಲ್ಲಿ ಒಂದು. ಅಲ್ಲಿ ಒಂದು ಸೊಗಸಾದ ಉದಾಹರಣೆ ಬರುತ್ತದೆ: ಸೊಂಟಕ್ಕೆ ಕಟ್ಟುವ ಡಾಬನ್ನು ಎದೆಗೆ ಕಟ್ಟಿಕೊಂಡರೆ ಚೆಂದ ಕಾಣುವುದಿಲ್ಲ, ನಗುವೇ ಬರುತ್ತದೆ. ಒಡವೆಯಲ್ಲಿ ದೋಷವಿಲ್ಲ, ಮೈಯಲ್ಲಿ ದೋಷವಿಲ್ಲ, ಇಟ್ಟ ಜಾಗ ತಪ್ಪು. ಮುಂದೆ ಕಾಶ್ಮೀರದ ಅಭಿನವಗುಪ್ತ ಇದನ್ನೇ ಹಿಗ್ಗಿಸಿದ. ಯಾವ ಭಾವವೇ ಆಗಲಿ, ತನ್ನದಲ್ಲದ ಜಾಗದಲ್ಲಿ ಬಂದು ಕೂತರೆ ಅದು ಹಾಸ್ಯವಾಗುತ್ತದೆ ಎಂದ. ಇದಕ್ಕೆ ಅವನು ಬಳಸಿದ ಮಾತು ಅನೌಚಿತ್ಯ. ಕಾಂಟ್ ಹುಟ್ಟುವುದಕ್ಕೆ ಏಳು ನೂರು ವರ್ಷ ಮೊದಲಿನ ಮಾತಿದು.

ಭರತ ನಗುವಿನಲ್ಲೇ ಆರು ಬಗೆ ಹೇಳುತ್ತಾನೆ: ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ. ಸ್ಮಿತದಲ್ಲಿ ಕೆನ್ನೆ ಸ್ವಲ್ಪ ಅರಳುತ್ತದೆ, ಹಲ್ಲು ಕಾಣುವುದಿಲ್ಲ. ಹಸಿತದಲ್ಲಿ ಹಲ್ಲು ಒಂಚೂರು ಕಾಣುತ್ತದೆ. ವಿಹಸಿತದಲ್ಲಿ ಮೆಲುದನಿ ಸೇರುತ್ತದೆ. ಉಪಹಸಿತದಲ್ಲಿ ಮೂಗಿನ ಹೊಳ್ಳೆ ಅಗಲವಾಗಿ ತಲೆ ಬಾಗುತ್ತದೆ. ಅಪಹಸಿತದಲ್ಲಿ ಕಣ್ಣಲ್ಲಿ ನೀರು, ಭುಜ ಕುಲುಕುತ್ತದೆ. ಅತಿಹಸಿತ ಬಂದರೆ ಪಕ್ಕೆ ಹಿಡಿದುಕೊಳ್ಳಬೇಕು. ವೇದಿಕೆಯ ಪಕ್ಕದಿಂದ ಈ ಆರನ್ನೂ ನಾನು ಒಂದೇ ಸಂಜೆಯಲ್ಲಿ ನೋಡಿದ್ದೇನೆ. ನಗು ಮುಂದಿನ ಸಾಲಿನ ಹಿರಿಯರ ಸ್ಮಿತದಲ್ಲಿ ಹೊರಟು ಹಿಂದಿನ ಸಾಲಿನ ಹುಡುಗರ ಅತಿಹಸಿತದವರೆಗೆ ಅಲೆಯ ಹಾಗೆ ಹೋಗುತ್ತದೆ.

ಒಂದು ವಿಷಯ ಮಾತ್ರ ನಾನು ಒಪ್ಪುವುದಿಲ್ಲ. ಮೊದಲ ಎರಡು ನಗು ಉತ್ತಮರದು, ಕೊನೆಯ ಎರಡು ಅಧಮರದು ಎನ್ನುತ್ತಾನೆ ಭರತ. ನಮ್ಮ ಅಜ್ಜಿ ಯಾವಾಗಲೂ ಪಕ್ಕೆ ಹಿಡಿದುಕೊಂಡೇ ನಗುತ್ತಿದ್ದರು. ಅವರಿಗಿಂತ ಉತ್ತಮರನ್ನು ನಾನು ಕಂಡಿಲ್ಲ.

ಯಕ್ಷಗಾನದಲ್ಲಿ ಹಾಸ್ಯಗಾರ ಬಂದ ಕೂಡಲೇ ಎಲ್ಲರೂ ನೆಟ್ಟಗೆ ಕೂರುವುದು ಯಾಕೆ?

ನಾವು ಚಿಕ್ಕವರಿದ್ದಾಗ ಗದ್ದೆ ಬಯಲಿನಲ್ಲಿ ರಾತ್ರಿಯಿಡೀ ಆಟ. ಎರಡು ಗಂಟೆ ಹೊತ್ತಿಗೆ ಮಕ್ಕಳೆಲ್ಲ ಚಾಪೆ ಮೇಲೆ ನಿದ್ದೆ. ಆಗ ಅಮ್ಮ ಕಂಬಳಿ ಎಳೆದು ಎಬ್ಬಿಸುತ್ತಿದ್ದಳು, "ಏಳೋ, ಹಾಸ್ಯಗಾರ ಬಂದ." ಅಷ್ಟು ಹೊತ್ತು ರಂಗದ ಮೇಲೆ ದೊಡ್ಡ ಕಿರೀಟ, ಚಂಡೆಯ ಅಬ್ಬರ, ಗಂಭೀರವಾದ ಗ್ರಂಥಭಾಷೆ. ಈಗ ಒಬ್ಬ ದೂತ ಓಡಿ ಬರುತ್ತಾನೆ. ವೇಷ ಸರಳ, ಮಾತು ನಮ್ಮ ಮನೆಯ ಮಾತು.

ನನಗೆ ನೆನಪಿರುವ ಒಂದು ಪ್ರಸಂಗ ಸುಮಾರು ಹೀಗಿತ್ತು. ದೂತ ಏದುಸಿರು ಬಿಡುತ್ತ ಹೇಳುತ್ತಾನೆ, "ಮಹಾರಾಜ, ನಮ್ಮ ಸೈನ್ಯ ಶತ್ರುವಿಗಿಂತ ಮುಂದಿದೆ!" ರಾಜ ಮೀಸೆ ತಿರುವುತ್ತಾನೆ. "ಭಲೇ! ಎಷ್ಟು ಮುಂದಿದೆ?" ದೂತ ಹಿಂದೆ ತಿರುಗಿ ನೋಡುತ್ತಾನೆ. "ಅವರು ಅಟ್ಟಿಸಿಕೊಂಡು ಬರ್ತಾ ಇದ್ದಾರಲ್ಲ, ಅದಕ್ಕಿಂತ ಒಂದು ಮಾರು ಮುಂದೆ."

ಮುದ್ರಿತ ಪ್ರಸಂಗದಲ್ಲಿ ಪದ್ಯಗಳಿರುತ್ತವೆ, ಮಾತು ಬಹುತೇಕ ಆ ಹೊತ್ತಿಗೆ ಹುಟ್ಟಿದ್ದು. ಹಾಸ್ಯಗಾರನಿಗೆ ಇಲ್ಲಿ ತುಂಬ ಸ್ವಾತಂತ್ರ್ಯ. ಊರಿನ ರಸ್ತೆ, ಆ ವರ್ಷದ ಅಡಿಕೆ ರೇಟು ಎಲ್ಲವನ್ನೂ ಪುರಾಣದೊಳಗೆ ತಂದುಬಿಡುತ್ತಾನೆ. ರಾಜನ ಮುಂದೆ ಸೇವಕ ನಮ್ಮ ಮಾತಾಡಿದಾಗ ನಾವೇ ರಂಗಕ್ಕೆ ಹೋಗಿ ನಿಂತ ಹಾಗಾಗುತ್ತದೆ. ಸಂಸ್ಕೃತ ನಾಟಕದಲ್ಲೂ ಹೀಗೇ. ರಾಜ ಸಂಸ್ಕೃತ ಮಾತಾಡಿದರೆ ವಿದೂಷಕ ಪ್ರಾಕೃತ ಮಾತಾಡುತ್ತಾನೆ. ದೊಡ್ಡ ಭಾಷೆಯ ಪಕ್ಕ ಆಡುಮಾತು ಬಂದು ನಿಂತರೆ ಅರ್ಧ ಕೆಲಸ ಅಲ್ಲೇ ಆಯಿತು.

ಪನ್ ಕೇಳಿದರೆ ಕೆಲವರು "ಅಯ್ಯೋ" ಅಂತ ತಲೆ ಚಚ್ಚಿಕೊಳ್ಳುತ್ತಾರಲ್ಲ?

ಆ "ಅಯ್ಯೋ" ಕೂಡ ಮೆಚ್ಚುಗೆಯೇ. ಪನ್ ಕೇಳಿದವರಿಗೆ ಎರಡು ಅರ್ಥ ಹೊಳೆದಿದೆ, ತಾನು ಸಿಕ್ಕಿಬಿದ್ದೆ ಅನ್ನುವುದೂ ಹೊಳೆದಿದೆ. ಕನ್ನಡದಲ್ಲಿ ಇದಕ್ಕೆ ಒಳ್ಳೆಯ ಪರಂಪರೆ ಇದೆ. ಟಿ.ಪಿ. ಕೈಲಾಸಂ ಇಂಗ್ಲಿಷ್ ಕನ್ನಡ ಬೆರೆಸಿ ಮಾತಿನಲ್ಲಿ ಆಟ ಆಡಿದರು. ಪತ್ರಕರ್ತ ವೈಎನ್ಕೆ ಪನ್‌ಗಳಿಗೆ ಹೆಸರಾಗಿದ್ದರು. ದುಂಡಿರಾಜ್ ಹನಿಗವನಗಳಲ್ಲಿ ನಾಲ್ಕು ಸಾಲಿನೊಳಗೆ ಮಾತನ್ನು ಮಗುಚಿ ತೋರಿಸುತ್ತಾರೆ. ಆದರೆ ಪನ್‌ಗೆ ಒಂದು ಮಿತಿ ಇದೆ. ಒಂದಾದ ಮೇಲೆ ಒಂದು ಬಂದರೆ ಜನ ಅರ್ಥ ಹುಡುಕುವುದರಲ್ಲೇ ಸುಸ್ತಾಗುತ್ತಾರೆ.

ಉತ್ತರ ಕರ್ನಾಟಕದ ಹಾಸ್ಯ ಬೇರೆಯೇ ಅನ್ನುತ್ತಾರೆ, ನಿಜವಾ?

ರುಚಿ ಬೇರೆ. ಅಲ್ಲಿ ಉತ್ಪ್ರೇಕ್ಷೆ ಜಾಸ್ತಿ, ಅದನ್ನು ಹೇಳುವ ಮುಖ ಮಾತ್ರ ಗಂಭೀರ. ನನ್ನ ಜೊತೆ ಕೆಲಸ ಮಾಡುವ ರಾಯಚೂರಿನ ಗೆಳೆಯರೊಬ್ಬರನ್ನು ಮೇ ತಿಂಗಳಲ್ಲಿ ಕೇಳಿದೆ, "ನಿಮ್ಮ ಕಡೆ ಬಿಸಿಲು ಹೇಗಿದೆ?" ಅವರು ಫೈಲಿನಿಂದ ತಲೆ ಎತ್ತಲಿಲ್ಲ. "ಮಧ್ಯಾನದಾಗ ನೆಳ್ಳೂ ಬಿಸಲಿಗೆ ಅಂಜಿ ನಮ್ಮ ಕಾಲಬುಡಕ್ಕ ಬಂದು ಕುಂದರತೈತ್ರಿ" ಅಂದರು. ನಡು ಮಧ್ಯಾಹ್ನ ನೆರಳು ಕಾಲಡಿಗೆ ಬರುವುದು ಸತ್ಯ. ಬಿಸಿಲಿಗೆ ಹೆದರಿ ಬಂತು ಅನ್ನುವುದು ಅವರು ಸೇರಿಸಿದ್ದು. ಆ ಸತ್ಯದ ಕಾಲ ಮೇಲೆ ಸುಳ್ಳು ನಿಂತಿರುವುದರಿಂದ ಮಾತಿಗೆ ತೂಕ ಬಂತು.

ಗಂಗಾವತಿ ಪ್ರಾಣೇಶ್ ಅವರಂಥ ಕಲಾವಿದರು ಈ ಮಾತಿನ ಧಾಟಿಯನ್ನು ರಾಜ್ಯದ ಎಲ್ಲ ಕಡೆಯ ವೇದಿಕೆಗಳಿಗೆ ತಂದರು. ಮೈಸೂರಿನವರೂ ಮಂಗಳೂರಿನವರೂ ಕೂತು ನಕ್ಕರು. ಇಲ್ಲೊಂದು ವ್ಯತ್ಯಾಸ ನೆನಪಿರಲಿ. ಒಂದು ಸೀಮೆಯ ಭಾಷೆಯಲ್ಲಿ ಹಾಸ್ಯ ಮಾಡುವುದು ಬೇರೆ, ಆ ಭಾಷೆಯನ್ನೇ ಹಾಸ್ಯ ಮಾಡುವುದು ಬೇರೆ. ಮೊದಲನೆಯದರಲ್ಲಿ ಆ ಊರಿನವರು ಎಲ್ಲರಿಗಿಂತ ಮೊದಲು ನಗುತ್ತಾರೆ. ಎರಡನೆಯದರಲ್ಲಿ ಅವರೊಬ್ಬರೇ ನಗುವುದಿಲ್ಲ.

ವಿಡಂಬನೆ, ವ್ಯಂಗ್ಯ, ಅಣಕ ಎಲ್ಲ ಒಂದೇನಾ?

ಹತ್ತಿರದ ನೆಂಟರು. ವ್ಯಂಗ್ಯದಲ್ಲಿ ಹೇಳುವುದು ಒಂದು, ಅರ್ಥ ಅದರ ಉಲ್ಟಾ. ತಡವಾಗಿ ಬಂದವರಿಗೆ "ಬೇಗ ಬಂದ್ಬಿಟ್ರಲ್ಲ" ಅಂದ ಹಾಗೆ. ಅಣಕದಲ್ಲಿ ಒಬ್ಬರ ಧಾಟಿಯನ್ನು ಹಿಡಿದು ಹಿಗ್ಗಿಸಿ ತೋರಿಸುತ್ತೇವೆ. ವಿಡಂಬನೆಗೆ ಒಂದು ಗುರಿ ಇರುತ್ತದೆ: ಲಂಚ, ಡಂಭ, ಅಧಿಕಾರ.

ಈ ಕೊನೆಯದನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ. ರಾಶಿ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಡಾಕ್ಟರ್ ಎಂ. ಶಿವರಾಂ 1942ರಲ್ಲಿ 'ಕೊರವಂಜಿ' ಮಾಸಪತ್ರಿಕೆ ಶುರು ಮಾಡಿದರು. ಹಗಲು ರೋಗಿಗಳನ್ನು ನೋಡುವ ವೈದ್ಯರು ಇಪ್ಪತ್ತೈದು ವರ್ಷ ಒಂದು ಹಾಸ್ಯ ಪತ್ರಿಕೆ ನಡೆಸಿದರು. ಆರ್.ಕೆ. ಲಕ್ಷ್ಮಣ್ ಮುಂದೆ ದೇಶಕ್ಕೆಲ್ಲ ಹೆಸರಾಗುವ ಮೊದಲು ಅದಕ್ಕೆ ವ್ಯಂಗ್ಯಚಿತ್ರ ಬರೆದಿದ್ದರು. ರಂಗದ ಮೇಲೆ ಮಾಸ್ಟರ್ ಹಿರಣ್ಣಯ್ಯ ಲಂಚದ ಕುರಿತ ನಾಟಕವನ್ನು ಸಾವಿರಾರು ಸಲ ಆಡಿದರು. ಅವತ್ತಿನ ಸುದ್ದಿಯನ್ನು ಅವತ್ತೇ ಮಾತಿಗೆ ಸೇರಿಸುತ್ತಿದ್ದರು, ಕೋರ್ಟು ಕೇಸುಗಳನ್ನೂ ಎದುರಿಸಿದರು. ಲಂಚ ಕೊಟ್ಟು ಬಂದು ಸುಮ್ಮನಿದ್ದವರು ಅಲ್ಲಿ ಸಾವಿರ ಜನರ ಜೊತೆ ಕೂತು ನಗುವಾಗ "ಇದು ನನ್ನೊಬ್ಬನ ಕಥೆ ಅಲ್ಲ" ಅಂತ ಗೊತ್ತಾಗುತ್ತಿತ್ತು. ಆ ನಗುವಿನಲ್ಲಿ ಧೈರ್ಯ ಇರುತ್ತದೆ.

ಯಾರಾದರೂ ಜಾರಿ ಬಿದ್ದರೆ ನಗು ಬರುತ್ತದೆ. ತಪ್ಪಾ?

ಪೆಟ್ಟಾಗಿಲ್ಲ ಅಂತ ಗೊತ್ತಾಗುವವರೆಗೆ ನಗು ಸಾಮಾನ್ಯವಾಗಿ ಬರುವುದೇ ಇಲ್ಲ, ಗಮನಿಸಿ. ಫ್ರಾನ್ಸಿನ ಬರ್ಗ್‌ಸನ್ 1900ರಲ್ಲಿ ಬರೆದ ಪ್ರಕಾರ, ಜೀವಂತ ಮನುಷ್ಯ ಒಂದು ಕ್ಷಣ ಯಂತ್ರದ ಹಾಗೆ ಕಂಡಾಗ ನಗುತ್ತೇವೆ. ನಡೆಯುವವನ ಗಮನ ಎಲ್ಲೋ, ಕಾಲು ಮಾತ್ರ ಕೀಲಿ ಕೊಟ್ಟ ಗೊಂಬೆಯ ಹಾಗೆ ಮುಂದೆ ಹೋಯಿತು. ನಮ್ಮ ನರಸಿಂಹರಾಜು ಇದನ್ನು ಚೆನ್ನಾಗಿ ಬಲ್ಲವರು. ಮಾತಿಗೆ ಮೊದಲೇ ಅವರ ಕಣ್ಣು, ಹಲ್ಲು, ನಡಿಗೆ ಮಾತಾಡುತ್ತಿದ್ದವು. ಭಾಷೆ ಬಾರದ ಮಗುವೂ ಅವರನ್ನು ನೋಡಿ ನಗುತ್ತದೆ.

ಸಾವಿನ ಮನೆಯಲ್ಲಿ ನಗು ಬಂದು ಮುಜುಗರ ಆಯಿತು. ನನ್ನಲ್ಲೇನಾದರೂ ತೊಂದರೆ ಇದೆಯಾ?

ಇಲ್ಲ. ದಯವಿಟ್ಟು ಅದಕ್ಕೆ ನಾಚಿಕೆ ಪಡಬೇಡಿ.

ಅಜ್ಜ ತೀರಿಕೊಂಡ ಹತ್ತನೇ ದಿನ ಹಿತ್ತಲಿನಲ್ಲಿ ಬಾಳೆ ಎಲೆಯ ಮೇಲೆ ಪಿಂಡ ಇಟ್ಟು ಕಾಗೆಗಾಗಿ ಕಾಯುತ್ತಿದ್ದೆವು. ಅಪ್ಪ ಒದ್ದೆ ಪಂಚೆಯಲ್ಲೇ ಕೈಮುಗಿದು ನಿಂತಿದ್ದರು. ಮಾವಿನ ಮರದ ಮೇಲೆ ಎರಡು ಕಾಗೆ ಕೂತಿದ್ದವು, ಇಳಿಯಲಿಲ್ಲ. ಅರ್ಧ ಗಂಟೆ ಆಯಿತು. ಅಜ್ಜನಿಗೆ ಏನೋ ಆಸೆ ಉಳಿದಿದೆ ಅಂತ ಒಬ್ಬೊಬ್ಬರೂ ಒಂದೊಂದು ಹರಕೆ ಹೇಳತೊಡಗಿದರು. ಅತ್ತೆಯ ಕಣ್ಣಲ್ಲಿ ನೀರು. ಆಗ ಹಿತ್ತಲ ಬಾಗಿಲಲ್ಲಿ ಕೂತಿದ್ದ ಅಜ್ಜಿ ಮೆಲ್ಲಗೆ ಹೇಳಿದರು, "ಬದುಕಿದ್ದಾಗ್ಲೂ ಊಟಕ್ಕೆ ಕರೆದ್ರೆ ಹೊತ್ತಿಗೆ ಬಂದವರಲ್ಲ. ಕಾಯಿರಿ, ಬರ್ತಾರೆ."

ಮೊದಲು ಅತ್ತೆ ನಕ್ಕರು, ಆಮೇಲೆ ಅಪ್ಪ, ಆಮೇಲೆ ಪುರೋಹಿತರೂ. ನಗುತ್ತ ನಗುತ್ತಲೇ ಎಲ್ಲರೂ ಅತ್ತೆವು. ಫ್ರಾಯ್ಡ್ ಹೇಳಿದ ಒತ್ತಡ ಇಳಿಯುವುದು ಅಂದರೆ ಇದೇ ಇರಬೇಕು. ಆದರೆ ಅಲ್ಲಿ ಅದಕ್ಕಿಂತ ದೊಡ್ಡದೊಂದು ಇತ್ತು. ಆ ಒಂದು ಮಾತಿನಲ್ಲಿ ಅಜ್ಜ ಇದ್ದ ಹಾಗೇ ಬಂದು ನಿಂತಿದ್ದರು.

ಕಾಲೆಳೆಯುವುದು ಎಲ್ಲಿಯವರೆಗೆ ಸರಿ? "ತಮಾಷೆ ಮಾಡಿದೆ ಅಷ್ಟೇ" ಅಂದರೆ ಆಯಿತಾ?

ಕೆನಡಾದ ಮನಶ್ಶಾಸ್ತ್ರಜ್ಞ ರಾಡ್ ಮಾರ್ಟಿನ್ ಮತ್ತು ಜೊತೆಗಾರರು 2003ರಲ್ಲಿ ಜನ ಹಾಸ್ಯವನ್ನು ಬಳಸುವ ರೀತಿಯನ್ನು ನಾಲ್ಕಾಗಿ ವಿಂಗಡಿಸಿದರು. ಇತರರನ್ನು ಹತ್ತಿರ ತರುವ ಹಾಸ್ಯ, ಕಷ್ಟದಲ್ಲಿ ತನಗೆ ತಾನೇ ಧೈರ್ಯ ತಂದುಕೊಳ್ಳುವ ಹಾಸ್ಯ, ಇನ್ನೊಬ್ಬರನ್ನು ಚುಚ್ಚುವ ಹಾಸ್ಯ, ಮೆಚ್ಚುಗೆಗಾಗಿ ತನ್ನನ್ನೇ ಕೀಳಾಗಿಸಿಕೊಳ್ಳುವ ಹಾಸ್ಯ. ಒಬ್ಬರಲ್ಲೇ ನಾಲ್ಕೂ ಇರಬಹುದು. ಯಾವುದು ಜಾಸ್ತಿ ಅನ್ನುವುದು ಮುಖ್ಯ.

ನಾನು ಇದನ್ನು ಕಲಿತದ್ದು ಮಾತ್ರ ಓದಿನಿಂದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ವೇದಿಕೆಗೆ ಬಂದ ಒಬ್ಬ ಕಲಾವಿದರು ಉಗ್ಗುವವರ ಮಾತನ್ನು ಅನುಕರಿಸಿದರು. ಜನ ಬಿದ್ದು ಬಿದ್ದು ನಕ್ಕರು. ಮೂರನೇ ಸಾಲಿನಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗ ಅಪ್ಪನ ಪಕ್ಕ ಕೂತಿದ್ದ. ಅವನಿಗೆ ಉಗ್ಗು ಇರುವುದು ನನಗೆ ಗೊತ್ತಿತ್ತು. ಅವನೂ ಎಲ್ಲರ ಜೊತೆ ನಗಲು ನೋಡಿದ. ಅಪ್ಪ ಅವನ ಬೆನ್ನಿನ ಮೇಲೆ ಕೈ ಇಟ್ಟರು, ಸ್ವಲ್ಪ ಹೊತ್ತಿಗೆ ಇಬ್ಬರೂ ಎದ್ದು ಹೋದರು. ಖಾಲಿಯಾದ ಆ ಎರಡು ಕುರ್ಚಿಗಳನ್ನು ನಾನು ಮರೆತಿಲ್ಲ.

ಅಂದಿನಿಂದ ಕಲಾವಿದರಿಗೆ ಫೋನಿನಲ್ಲೇ ಹೇಳುತ್ತೇವೆ. ಉಗ್ಗು, ಕಿವುಡು, ಮೈಬಣ್ಣ, ದಪ್ಪ ಸಣ್ಣ, ಇವು ಬೇಡ. ಒಬ್ಬರು "ಹಾಗಾದ್ರೆ ಕಾಲು ಗಂಟೆ ಕಮ್ಮಿ ಆಗುತ್ತೆ" ಅಂದರು. ಆಗಲಿ ಅಂದೆವು. ಗಂಡ ಹೆಂಡತಿ ಜೋಕುಗಳ ಬಗ್ಗೆಯೂ ಇದೇ ಮಾತು. ಹೆಂಡತಿಯೂ ವಾಪಸ್ ಒಂದು ಮಾತು ಹೇಳುವ ಜೋಕು ಚೆನ್ನಾಗಿರುತ್ತದೆ, ಅವಳನ್ನು ಸುಮ್ನೆ ಬೈಯುವುದು ಜೋಕಲ್ಲ. ನನ್ನ ಅಳತೆ ಸರಳ: ಯಾರ ಮೇಲೆ ನಗುತ್ತೇವೋ ಅವರು ತಿರುಗಿ ನಮ್ಮ ಕಾಲೆಳೆಯುವ ಹಾಗಿದೆಯಾ? ಇದ್ದರೆ ಅದು ಆಟ.

ಮೊಬೈಲಿನಲ್ಲಿ ಒಬ್ಬರೇ ನೋಡಿದರೆ ಅಷ್ಟು ನಗು ಬರುವುದಿಲ್ಲ, ಯಾಕೆ?

ಅಮೆರಿಕದ ರಾಬರ್ಟ್ ಪ್ರೊವೈನ್ ಜನ ನಗುವ ಸುಮಾರು 1200 ಸಂದರ್ಭಗಳನ್ನು ಅಂಗಡಿ, ರಸ್ತೆ, ಕಾಲೇಜುಗಳಲ್ಲಿ ಗಮನಿಸಿದರು. ಒಬ್ಬರೇ ಇರುವುದಕ್ಕಿಂತ ಜೊತೆಯಲ್ಲಿರುವಾಗ ನಾವು ಸುಮಾರು 30 ಪಟ್ಟು ಜಾಸ್ತಿ ನಗುತ್ತೇವೆ ಎಂದು ಅವರ ಇನ್ನೊಂದು ಅಧ್ಯಯನದಲ್ಲಿ ಕಂಡಿತು. ಅದಕ್ಕಿಂತ ಅಚ್ಚರಿ ಎಂದರೆ, ಬಹುಪಾಲು ನಗು ಜೋಕಿಗೆ ಬಂದದ್ದೇ ಅಲ್ಲ. "ಬರ್ತೀನಿ, ಸಿಗೋಣ" ಎಂಬಂಥ ಸಾದಾ ಮಾತಿಗೆ ಬಂದದ್ದು.

ಮುಂಬೈಯಲ್ಲಿ 1995ರಲ್ಲಿ ಡಾಕ್ಟರ್ ಮದನ್ ಕಟಾರಿಯಾ ಪಾರ್ಕಿನಲ್ಲಿ ಐದು ಜನರ ನಗೆಕೂಟ ಶುರು ಮಾಡಿದಾಗಲೂ ಹೀಗೇ ಆಯಿತು. ಮೊದಲು ಜೋಕು ಹೇಳುತ್ತಿದ್ದರು. ಕೆಲವೇ ದಿನಗಳಲ್ಲಿ ಜೋಕು ಮುಗಿದವು. ಆಗ ಜೋಕಿಲ್ಲದೆ ಸುಮ್ನೆ ನಗಲು ಹೊರಟರು, ಒಬ್ಬರ ಮುಖ ಒಬ್ಬರು ನೋಡಿ ನಿಜವಾದ ನಗುವೇ ಬಂತು. ಈಗ ನಮ್ಮ ಊರುಗಳ ಪಾರ್ಕುಗಳಲ್ಲೂ ಬೆಳಗ್ಗೆ ಅದು ಕೇಳಿಸುತ್ತದೆ.

ನನ್ನ ಅನುಭವದ ಒಂದು ಮಾತು: ಕುರ್ಚಿಗಳನ್ನು ಒತ್ತೊತ್ತಾಗಿ ಹಾಕಿ. ಇನ್ನೂರು ಜನರಿಗೆ ನಾನೂರು ಕುರ್ಚಿ ಹಾಕಿದ ವರ್ಷ ಒಳ್ಳೆಯ ಕಲಾವಿದರೂ ಸೋತರು.

ನಗು ಒಳ್ಳೆಯ ಔಷಧಿ ಅನ್ನುವುದು ನಿಜವಾ?

ಕಾಯಿಲೆ ವಾಸಿ ಮಾಡುತ್ತದೆ ಅಂತ ಹೇಳಲಾರೆ, ಮಾತ್ರೆ ಬಿಡಬೇಡಿ. ಆದರೆ ಆಕ್ಸ್‌ಫರ್ಡಿನ ರಾಬಿನ್ ಡನ್ಬಾರ್ ತಂಡ 2011ರಲ್ಲಿ ತೋರಿಸಿದ್ದೊಂದಿದೆ. ಜೊತೆಯಾಗಿ ಚೆನ್ನಾಗಿ ನಕ್ಕವರು ಆಮೇಲೆ ಸ್ವಲ್ಪ ಹೆಚ್ಚು ನೋವು ತಡೆದುಕೊಂಡರು.

ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ಯಾಕೆ ನಗು ಬರುವುದಿಲ್ಲ?

ನಮ್ಮ ಕೈ ಎಲ್ಲಿಗೆ ಹೋಗುತ್ತದೆ ಅಂತ ಮಿದುಳಿಗೆ ಮೊದಲೇ ಗೊತ್ತು, ಆ ಸ್ಪರ್ಶವನ್ನು ಅದು ತಗ್ಗಿಸಿಬಿಡುತ್ತದೆ. ಕಚಗುಳಿಗೂ ಇನ್ನೊಬ್ಬರು ಬೇಕು. ಇಲಿಗಳಿಗೂ ಕಚಗುಳಿ ಆಗುತ್ತದೆ! ಯಾಕ್ ಪ್ಯಾಂಕ್ಸೆಪ್ ಎಂಬ ವಿಜ್ಞಾನಿ ಇಟ್ಟು ನೋಡಿದರು. ನಮ್ಮ ಕಿವಿಗೆ ಕೇಳಿಸದಷ್ಟು ಕೀಚಲು ದನಿಯಲ್ಲಿ ಅವು ಚಿಲಿಪಿಲಿ ಮಾಡಿ, ಇನ್ನೂ ಬೇಕು ಅಂತ ಕೈ ಹಿಂದೆ ಓಡಿ ಬಂದವಂತೆ.

ವಿದೇಶದಲ್ಲಿ ಬೆಳೆದ ಮೊಮ್ಮಕ್ಕಳಿಗೆ ನಮ್ಮ ಜೋಕು ಅರ್ಥವೇ ಆಗುವುದಿಲ್ಲ. ಏನು ಮಾಡುವುದು?

ಪದ ಗೊತ್ತಿದ್ದರೂ ಅದರ ಎರಡನೇ ಅರ್ಥ ಗೊತ್ತಿರುವುದಿಲ್ಲ. ವಿವರಿಸಿದರೆ ಅರ್ಥ ಆಗುತ್ತದೆ, ನಗು ಬರುವುದಿಲ್ಲ. ಎರಡೂ ಅರ್ಥ ಒಟ್ಟಿಗೆ ಹೊಳೆಯಬೇಕು ಅಂದೆನಲ್ಲ, ವಿವರಣೆಯಲ್ಲಿ ಒಂದಾದ ಮೇಲೆ ಒಂದು ಬರುತ್ತವೆ. ಅದಕ್ಕೆ ಮೊದಲು ಪದ ಕೊಡಿ, ಜೋಕು ಆಮೇಲೆ. ಫೋನಿನಲ್ಲಿ ದಿನಕ್ಕೊಂದು ಒಗಟು ಹೇಳಿ. ಮಕ್ಕಳಿಗೆ ಒಗಟು ಅಂದರೆ ಪ್ರಾಣ. "ಹತ್ತು" ಅಂದರೆ ಸಂಖ್ಯೆಯೂ ಹೌದು, ಬಸ್ ಹತ್ತುವುದೂ ಹೌದು ಅಂತ ಗೊತ್ತಾದ ದಿನ ಅವರೇ ಒಂದು ಪನ್ ಮಾಡಿ ಫೋನ್ ಮಾಡುತ್ತಾರೆ.

ಮನೆಯ ಹಿರಿಯರು ಹೇಳಿದ್ದೇ ಜೋಕು ಹೇಳುತ್ತಾರೆ. ಆದರೂ ನಗು ಬರುತ್ತದಲ್ಲ?

ಅನಿರೀಕ್ಷಿತವಾದದ್ದೇ ಹಾಸ್ಯ ಅನ್ನುವುದಾದರೆ ಎರಡನೇ ಸಲ ನಗು ಬರಬಾರದು. ಆದರೆ ಬರುತ್ತದೆ. ಆಗ ನಾವು ನಗುವುದು ಜೋಕಿನ ತಿರುವಿಗೆ ಅಲ್ಲ, ಅದನ್ನು ಹೇಳುವವರಿಗೆ. "ಈಗ ಹೇಳ್ತಾರೆ ನೋಡು" ಎಂದು ಕಾಯುವುದೇ ಒಂದು ಸುಖ.

ಹೋದ ವರ್ಷ ನನ್ನ ತಂಗಿಯ ಮಗುವಿನ ತೊಟ್ಟಿಲ ಶಾಸ್ತ್ರ ನಡೆಯಿತು. ಅಜ್ಜ ಹೋಗಿ ಒಂಬತ್ತು ವರ್ಷ. ಮಗುವಿಗೆ ಸ್ನಾನ ಮಾಡಿಸಿ ತಂದು ಮಲಗಿಸಿದರು. ಅಮ್ಮ ಎಂದಿನ ಹಾಗೆ ಕೂಗಿದಳು, "ಕಾಡಿಗೆ ಹಚ್ರೇ!" ಮನೆ ತುಂಬ ಜನ, ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಜಗಲಿಯ ಕಡೆ ನೋಡಿದರು. ಆಮೇಲೆ ಅಡುಗೆಮನೆಯಿಂದ ಅಜ್ಜಿಯ ದನಿ ಬಂತು, "ಫಾರೆಸ್ಟಿನವರು ಸುಮ್ನೆ ಬಿಡ್ತಾರಾ?"